ಕ್ಯಾಲಥಿಯಾ ಎಲೆ ಒಣಗುತ್ತಿದೆಯೇ? ದೋಷ ಎಲ್ಲಿದೆ ಎಂದು ಹಿಡಿಯುವ ಬಗೆ

ಅಂದದ ಎಲೆಗಾಗಿ ಮನೆಯೊಳಗೆ ಬೆಳೆಸುವ ಕ್ಯಾಲಥಿಯಾ ಗಿಡ ಮನೆಗೆ ಬಂದು ತಿಂಗಳೆರಡು ತಿಂಗಳಾಗುವಷ್ಟರಲ್ಲಿ ಎಲೆಯಂಚು ಕಂದಾಗಿ ಗರಿಗರಿ ಆಗುತ್ತದೆ. ಯಾರನ್ನು ಕೇಳಿದರೂ ಉತ್ತರ ಒಂದೇ: ಗಾಳಿಯಲ್ಲಿ ತೇವ ಸಾಲದು, ದಿನಾ ನೀರು ಸ್ಪ್ರೇ ಮಾಡಿ. ಮಾಡುತ್ತೇವೆ. ಅಂಚು ಇನ್ನಷ್ಟು ಒಣಗುತ್ತದೆ. ಆಮೇಲೆ ಗೊಬ್ಬರ ಹಾಕುತ್ತೇವೆ, ಕಿಟಕಿ ಬದಲಿಸುತ್ತೇವೆ, ಹೊಸ ಕುಂಡ ತರುತ್ತೇವೆ. ಇಷ್ಟೂ ಒಂದೇ ವಾರದಲ್ಲಿ ನಡೆದರೆ ಗಿಡ ಉಳಿದರೂ ಸತ್ತರೂ ಕಾರಣ ಮಾತ್ರ ಗೊತ್ತಾಗುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರು, ಕೋಲಾರ, ತುಮಕೂರಿನಂಥ ಒಳನಾಡಿನ ಊರುಗಳಲ್ಲಿ ಅಂಚು ಒಣಗಿದರೆ ಮೊದಲು ಅನುಮಾನ ಪಡಬೇಕಾದ್ದು ಬಕೆಟ್ಟಿನಲ್ಲಿರುವ ನೀರಿನ ಮೇಲೆ. ಗಾಳಿಯ ಸರದಿ ಆಮೇಲೆ. ಈ ಬರಹ ಪೂರ್ತಿ ಅದೇ ಕ್ರಮದಲ್ಲಿದೆ.

ಅಂಗಡಿಯಲ್ಲಿ ಕ್ಯಾಲಥಿಯಾ ಅಂತ ಸಿಗುವ ಬಹುಪಾಲು ಗಿಡಗಳನ್ನು ಸಸ್ಯ ವಿಜ್ಞಾನಿಗಳು 2012ರಲ್ಲಿ ಗೋಪರ್ಷಿಯಾ ಎಂಬ ಕುಲಕ್ಕೆ ಸೇರಿಸಿದರು. ಚೀಟಿಯಲ್ಲಿ ಯಾವ ಹೆಸರಿದ್ದರೂ ಆರೈಕೆ ಒಂದೇ. ನವಿಲುಗರಿಯಂತೆ ಕಾಣುವ ಮಕೋಯಾನಾ ಬ್ರೆಜಿಲ್‌ನ ಪೂರ್ವ ಭಾಗದ್ದು, ದುಂಡಗಿನ ಬೆಳ್ಳಿ ಪಟ್ಟೆಯ ಆರ್ಬಿಫೋಲಿಯಾ ಬೊಲಿವಿಯಾದ್ದು. ಎಲ್ಲವೂ ದೊಡ್ಡ ಮರಗಳ ಕೆಳಗೆ, ನೆರಳಲ್ಲಿ, ಎಲೆಗೊಬ್ಬರದ ಸಡಿಲ ಮಣ್ಣಿನಲ್ಲಿ, ಬರೀ ಮಳೆನೀರು ಕುಡಿದು ಬೆಳೆದವು. ಕರಾವಳಿಯಲ್ಲಿ ಮಕ್ಕಳಿಗೆ ಮಣ್ಣಿ, ಗಂಜಿ ಮಾಡಿಕೊಡುವ ಕೂವೆ ಹಿಟ್ಟಿನ ಆರಾರೂಟ್ ಗಿಡವೂ ಇದೇ ಕುಟುಂಬದ್ದು. ಅದು ಹಿತ್ತಲಲ್ಲಿ ಯಾರೂ ನೋಡಿಕೊಳ್ಳದೆ ಬೆಳೆಯುತ್ತದೆ. ಅದರ ಈ ನೆಂಟನಿಗೆ ಮಾತ್ರ ಇಲ್ಲದ ಸೊಕ್ಕು.

ಏನನ್ನೂ ಮುಟ್ಟುವ ಮುಂಚೆ

ನಾಲ್ಕು ವಿಷಯ ನೋಡಿ, ಒಂದು ಚೀಟಿಯಲ್ಲಿ ಬರೆದಿಡಿ. ಫೋನಲ್ಲಿ ಫೋಟೋ ತೆಗೆದರೂ ಆದೀತು.

ಒಂದು, ಹಾಳಾಗಿರುವುದು ಹಳೆಯ ಎಲೆಯೋ ಹೊಸ ಎಲೆಯೋ? ಹಳೆಯದು ಹೊರಗಡೆ, ಕೆಳಗೆ ಇರುತ್ತದೆ. ಹೊಸದು ನಡುವಿನಿಂದ ಸುರುಳಿಯಾಗಿ ಬರುತ್ತದೆ. ಎರಡು, ಶುರುವಾದದ್ದು ಎಲ್ಲಿಂದ: ತುದಿಯಿಂದಲೋ, ಅಂಚಿಂದಲೋ, ಎಲೆಯ ನಡುವಿಂದಲೋ? ಮೂರು, ಮಣ್ಣು ಒದ್ದೆಯೋ ಒಣಗಿದೆಯೋ? ಮೇಲೆ ಮುಟ್ಟಿ ನೋಡಿದರೆ ಸಾಲದು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ, ಆಮೇಲೆ ಕುಂಡ ಎತ್ತಿ ತೂಕ ನೋಡಿ. ನಾಲ್ಕು, ರಾತ್ರಿ ಎಲೆ ಮೇಲೇಳುತ್ತದೆಯೇ?

ಈ ನಾಲ್ಕನೆಯದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಎಲೆ ಮತ್ತು ತೊಟ್ಟು ಸೇರುವ ಕಡೆ ಒಂದು ಪುಟ್ಟ ಉಬ್ಬು ಇರುತ್ತದೆ. ಅದರೊಳಗಿನ ಜೀವಕೋಶಗಳು ನೀರು ತುಂಬಿಕೊಂಡು, ಖಾಲಿ ಮಾಡಿಕೊಂಡು ಎಲೆಯನ್ನು ಸಂಜೆ ಎತ್ತುತ್ತವೆ, ಬೆಳಿಗ್ಗೆ ಇಳಿಸುತ್ತವೆ. ಬೆಳಿಗ್ಗೆ ಹತ್ತಕ್ಕೊಂದು, ರಾತ್ರಿ ಹತ್ತಕ್ಕೊಂದು ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿ. ಎಲೆ ಆಡುತ್ತಿದ್ದರೆ ಬೇರಿನಿಂದ ಎಲೆಗೆ ನೀರು ಬರುತ್ತಿದೆ ಅಂತ ಅರ್ಥ, ಹೆದರಬೇಕಿಲ್ಲ, ನಿಧಾನಕ್ಕೆ ಕಾರಣ ಹುಡುಕಿ. ಆಟ ನಿಂತು ಎಲೆಯೂ ಸುರುಳಿಯಾಗಿದ್ದರೆ ಬೇರಿನ ವಿಭಾಗಕ್ಕೆ (ಮಣ್ಣು ಒದ್ದೆ, ಎಲೆ ಮಾತ್ರ ಸುರುಳಿ) ನೇರ ಹೋಗಿ. ಎಲೆ ಚೆನ್ನಾಗಿಯೇ ಇದ್ದು ಆಟ ಮಾತ್ರ ನಿಂತಿದ್ದರೆ ಬೆಳಕಿನ ಕಡೆ ನೋಡಿ. ರಾತ್ರಿಯಿಡೀ ದೀಪ ಉರಿಯುವ ಹಾಲ್‌ನಲ್ಲಿ ಗಿಡಕ್ಕೆ ಸಂಜೆಯಾದದ್ದೇ ತಿಳಿಯುವುದಿಲ್ಲ.

ತುದಿ, ಅಂಚು ಕಂದು: ಹಳೆಯ ಎಲೆಯಿಂದ ಶುರು

ಇದು ನೀರಿನ ಉಪ್ಪು. ಹಾಗೆ ಹೇಳಲು ಕಾರಣವಿದೆ. ಬೇರು ಹೀರಿದ ನೀರು ಎಲೆಯ ಅಂಚಿನವರೆಗೆ ಹೋಗಿ ಆವಿಯಾಗುತ್ತದೆ. ನೀರು ಹೋಗುತ್ತದೆ, ಅದರಲ್ಲಿ ಕರಗಿದ್ದ ಲವಣ ಅಲ್ಲೇ ಉಳಿಯುತ್ತದೆ. ಎಲೆಗೆ ವಯಸ್ಸಾದಷ್ಟೂ ಶೇಖರಣೆ ಜಾಸ್ತಿ. ಅದಕ್ಕೇ ಹಳೆಯ ಎಲೆ ಮೊದಲು, ಅದರಲ್ಲೂ ತುದಿ ಮೊದಲು. ಕಂದು ಭಾಗಕ್ಕೂ ಹಸಿರಿಗೂ ನಡುವೆ ತೆಳ್ಳಗೆ ಹಳದಿ ಗೆರೆ ಕಂಡರೆ ಅನುಮಾನ ಇನ್ನೂ ಗಟ್ಟಿ. ಬೆಳಿಗ್ಗೆ ಬೇಗ ಎದ್ದು ನೋಡಿದರೆ ಕೆಲವು ಎಲೆಗಳ ತುದಿಯಲ್ಲಿ ಒಂದೊಂದು ಹನಿ ನಿಂತಿರುತ್ತದೆ. ಅದು ಇಬ್ಬನಿಯಲ್ಲ. ರಾತ್ರಿ ಬೇರಿನ ಒತ್ತಡಕ್ಕೆ ಗಿಡವೇ ಹೊರಹಾಕಿದ ನೀರು. ಹನಿ ಒಣಗಿದ ಜಾಗದಲ್ಲಿ ಬಿಳಿ ಪುಡಿಯಂಥ ಕಲೆ ಉಳಿದರೆ ಪರೀಕ್ಷೆ ಅರ್ಧ ಮುಗಿದಂತೆ.

ಇನ್ನರ್ಧಕ್ಕೆ ಪೆನ್ನಿನ ಥರದ ಟಿಡಿಎಸ್ ಮೀಟರ್ ಬೇಕು. ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಅದು ಹೆಚ್ಚುಕಡಿಮೆ ತೋರಿಸುತ್ತದೆ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಹಾಕುವ ನೀರನ್ನು ಅಳೆಯಿರಿ. ಆಮೇಲೆ ಗಿಡಕ್ಕೆ ಎಂದಿನಂತೆ ನೀರು ಹಾಕಿ, ತಳದ ತೂತಿನಿಂದ ಇಳಿದ ನೀರನ್ನು ಲೋಟದಲ್ಲಿ ಹಿಡಿದು ಅಳೆಯಿರಿ. ಈ ಎರಡನೇ ಸಂಖ್ಯೆ ಮುಖ್ಯ. ಬೇರು ದಿನವೂ ಎಂಥ ನೀರಲ್ಲಿ ಕೂತಿದೆ ಅಂತ ಹೇಳುವುದು ಅದೇ.

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಆಂಟಿಯ ಮನೆಯಲ್ಲಿ ಒಂದು ಆರ್ಬಿಫೋಲಿಯಾ ಇದೆ. ಒಂದೊಂದು ಎಲೆ ಊಟದ ತಟ್ಟೆಯಷ್ಟಗಲ. ಸುತ್ತ ಬೆರಳಗಲ ಕಂದು ಅಂಚು. ನೋಡಲು ಕರೆದಿದ್ದರು.

"ಫಿಲ್ಟರ್ ನೀರೇ ಹಾಕೋದು ಕಣಮ್ಮ. ನಲ್ಲಿ ನೀರು ಒಂದು ತೊಟ್ಟೂ ಮುಟ್ಟಿಸಿಲ್ಲ."

"ಯಾವ ಪಾತ್ರೆಯಿಂದ ತಗೊಳ್ತೀರಾ ಆಂಟಿ? ತೋರಿಸಿ."

ಸಿಂಕ್ ಕೆಳಗಿನ ನೀಲಿ ಬಕೆಟ್ ತೋರಿಸಿದರು. ಆರ್‌ಓ ಯಂತ್ರದ ಸಣ್ಣ ಪೈಪು ಅದರೊಳಗೆ ಇಳಿಬಿದ್ದಿತ್ತು. ಮೀಟರ್ ಅದ್ದಿದೆ. ನಲ್ಲಿ ನೀರು 480, ಕುಡಿಯುವ ನೀರು 50, ಬಕೆಟ್ಟಿನದು 700 ದಾಟಿತ್ತು. ಕುಂಡದಿಂದ ಇಳಿದ ನೀರು 1800. "ಅಯ್ಯೋ, ನೀರು ದಂಡ ಮಾಡಬಾರದು ಅಂತ ತಾನೇ ಅದನ್ನ ಗಿಡಕ್ಕೆ ಹಾಕ್ತಿದ್ದೆ" ಅಂದರು. ದಂಡ ಮಾಡಬಾರದು ಅನ್ನುವುದು ಸರಿಯೇ. ಆದರೆ ಆರ್‌ಓ ಒಂದು ಲೀಟರ್ ಒಳ್ಳೆಯ ನೀರು ಕೊಡಲು ಎರಡು ಲೀಟರಿನಷ್ಟು ಹೊರಗೆ ಬಿಡುತ್ತದೆ, ತೆಗೆದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ಅದು ನೆಲ ಒರೆಸಲು, ಟಾಯ್ಲೆಟ್ಟಿಗೆ ಸರಿ. ಕ್ಯಾಲಥಿಯಾಗೆ ಬೇಡವೇ ಬೇಡ.

ಇನ್ನೊಂದು ಅಡಗಿದ ಕಾರಣ ಅಪಾರ್ಟ್‌ಮೆಂಟಿನ ಸಾಫ್ಟ್‌ನರ್. ನೀರು ಮೆತ್ತಗಾಗಿದೆ, ಬಕೆಟ್ಟಲ್ಲಿ ಬಿಳಿ ಕಟ್ಟುವುದಿಲ್ಲ, ಗಿಡಕ್ಕೂ ಒಳ್ಳೆಯದು ಅಂದುಕೊಳ್ಳುತ್ತೇವೆ. ಸಾಫ್ಟ್‌ನರ್ ಮಾಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುವುದು. ಅದಕ್ಕೇ ಮೇಂಟೆನೆನ್ಸಿನವರು ಆಗಾಗ ಮೂಟೆಗಟ್ಟಲೆ ಉಪ್ಪು ತರಿಸುತ್ತಾರೆ. ಟಿಡಿಎಸ್ ಮೀಟರಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಒಟ್ಟು ಲವಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೇರಿಗೆ ಮಾತ್ರ ಕ್ಯಾಲ್ಸಿಯಂಗಿಂತ ಸೋಡಿಯಂ ಕೆಟ್ಟದು. ನಿಮ್ಮ ಬಿಲ್ಡಿಂಗಿನಲ್ಲಿ ಸಾಫ್ಟ್‌ನರ್ ಇದೆಯೇ, ಅದು ದಾಟುವ ಮುಂಚಿನ ನಲ್ಲಿ ಗಾರ್ಡನ್ ಕಡೆ ಎಲ್ಲಾದರೂ ಇದೆಯೇ ಅಂತ ಪ್ಲಂಬರ್‌ನ ಕೇಳಿ.

ಮೂರನೆಯದು ಫ್ಲೋರೈಡ್. ಕ್ಯಾಲಥಿಯಾ, ಡ್ರಸೀನಾ, ಸ್ಪೈಡರ್ ಪ್ಲಾಂಟ್ ಇವಕ್ಕೆ ಫ್ಲೋರೈಡ್ ಆಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಅದು ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಿಯಮ. ಟಿಡಿಎಸ್ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ರಾತ್ರಿಯಿಡೀ ನೀರು ತೆರೆದಿಟ್ಟರೆ ಸರಿಹೋಗುತ್ತದೆ ಅನ್ನುತ್ತಾರಲ್ಲ, ಅದರಿಂದ ಹೋಗುವುದು ಕ್ಲೋರಿನ್ ಮಾತ್ರ. ಫ್ಲೋರೈಡ್ ಹೋಗುವುದಿಲ್ಲ, ಉಪ್ಪು ಹೋಗುವುದಿಲ್ಲ. ಕುದಿಸಿದರೆ ಒಂದಷ್ಟು ಸುಣ್ಣ ತಳ ಸೇರುತ್ತದೆ, ಮಿಕ್ಕ ಲವಣ ಇನ್ನೂ ಗಟ್ಟಿಯಾಗುತ್ತದೆ. ಅಂದಹಾಗೆ ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಬೆರೆತಿರುತ್ತದೆ. ತೋಟಕ್ಕೆ ತಂದದ್ದು ಉಳಿದಿದೆ ಅಂತ ಈ ಕುಂಡಕ್ಕೆ ಒಂದು ಚಿಟಿಕೆ ಹಾಕಬೇಡಿ.

ಸರಿಪಡಿಸುವುದು ಹೀಗೆ. ಮೊದಲು ಕುಂಡ ತೊಳೆಯಿರಿ, ಅಂದರೆ ಮಣ್ಣಿನೊಳಗಿನ ಉಪ್ಪನ್ನು ಕೆಳಗೆ ಇಳಿಸಿ. ಆರಿಂಚಿನ ಕುಂಡಕ್ಕೆ ಆರೇಳು ಲೀಟರ್ ಕಡಿಮೆ ಉಪ್ಪಿನ ನೀರು ಬೇಕು. ಬಚ್ಚಲಲ್ಲಿಟ್ಟು ಒಂದೊಂದು ಲೀಟರ್ ನಿಧಾನಕ್ಕೆ ಸುರಿಯಿರಿ, ಪೂರ್ತಿ ಇಳಿದ ಮೇಲೆ ಇನ್ನೊಂದು. ಕೊನೆಗೆ ಇಳಿದ ನೀರನ್ನು ಅಳೆಯಿರಿ. ಹಾಕಿದ ನೀರಿನ ಹತ್ತಿರ ಬರುವವರೆಗೆ ಬಿಡಬೇಡಿ. ಆಂಟಿಯ ಕುಂಡದಲ್ಲಿ ಮೊದಲ ಲೀಟರಿಗೆ ಚಹಾ ಬಣ್ಣದ ನೀರು ಇಳಿಯಿತು. ಕೊನೆಗೆ ತಿಳಿಯಾಯಿತು. ಅಷ್ಟು ನೀರು ಕುಡಿದು ಬೇರು ಕೊಳೆಯುವುದಿಲ್ಲವೇ ಅಂತ ಕೇಳಬಹುದು. ಒಂದು ಸಲ ಹರಿದುಹೋದ ನೀರಿನಿಂದ ಕೊಳೆಯುವುದಿಲ್ಲ. ಕೊಳೆಯುವುದು ನಿಂತ ನೀರಿನಿಂದ.

ಮುಂದೆ ಯಾವ ನೀರು? ಮಳೆನೀರಿಗೆ ಸಮನಾದದ್ದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾಲ್ಕನಿಯಲ್ಲಿ ಒಂದು ಡ್ರಮ್ ಇಟ್ಟರೆ ಸಾಕು. ಚಾವಣಿಯಿಂದ ಹಿಡಿಯುವುದಾದರೆ ಮೊದಲ ಮಳೆಯ ಕೊಳೆ ನೀರು ಬಿಟ್ಟುಬಿಡಿ, ಡ್ರಮ್ಮಿಗೆ ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿ. ಬೇಸಿಗೆಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿಯಿರಿ. ಅದು ಗಾಳಿಯ ಆವಿ ತಣಿದು ಆದ ನೀರು, ಲವಣ ಇರುವುದೇ ಇಲ್ಲ ಅನ್ನಬಹುದು. ಎರಡೂ ಇಲ್ಲದಿದ್ದರೆ ಆರ್‌ಓದ ಕುಡಿಯುವ ನೀರು. ನನ್ನ ಲೆಕ್ಕ ಸರಳ: ಟಿಡಿಎಸ್ 100ರ ಒಳಗಿದ್ದರೆ ಚಿಂತೆ ಬೇಡ, 200ರವರೆಗೆ ತಿಂಗಳಿಗೊಮ್ಮೆ ಕುಂಡ ತೊಳೆದರೆ ನಡೆಯುತ್ತದೆ, 300 ದಾಟಿದರೆ ಅಂಚು ಸುಡುವುದು ಖಾತ್ರಿ. ನಲ್ಲಿ ನೀರಿಗೆ ಮಳೆನೀರು ಬೆರೆಸಿ ಸಂಖ್ಯೆ ಇಳಿಸಿಕೊಳ್ಳಬಹುದು. ಬರೀ ಮಳೆನೀರು ಹಾಕುವವರು ಸ್ವಲ್ಪ ಗೊಬ್ಬರ ಮರೆಯಬಾರದು. 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪ್ರಮಾಣದಲ್ಲಿರುವ, ನೀರಲ್ಲಿ ಕರಗುವ ಗೊಬ್ಬರ) ಇದ್ದರೆ ಲೀಟರಿಗೆ ಕಾಲು ಗ್ರಾಂ, ಬೆಳೆಯುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಪ್ಯಾಕೆಟ್ ಮೇಲಿನ ಪ್ರಮಾಣ ಹೊಲಕ್ಕೆ ಬರೆದದ್ದು.

ನೀರು ಸರಿಯಿದ್ದೂ ಇಳಿದ ನೀರಿನಲ್ಲಿ ಉಪ್ಪು ಜಾಸ್ತಿ ಬಂದರೆ ಅನುಮಾನ ಕೊಕೊಪೀಟ್ ಮೇಲೆ, ಅಂದರೆ ಮಣ್ಣಿನ ಬದಲು ಬಳಸುವ ತೆಂಗಿನ ನಾರಿನ ಪುಡಿಯ ಮೇಲೆ. ಇಟ್ಟಿಗೆಯಂತೆ ಒತ್ತಿದ ಅಗ್ಗದ ಕೊಕೊಪೀಟ್ ಎಷ್ಟೋ ಸಲ ತೊಳೆಯದೆ ಬಂದಿರುತ್ತದೆ. ತೆಂಗಿನ ನಾರಿನಲ್ಲಿ ಪೊಟ್ಯಾಶಿಯಂ, ಸೋಡಿಯಂ ಸಹಜವಾಗಿಯೇ ಇರುತ್ತದೆ. ಬಳಸುವ ಮುಂಚೆ ನೆನೆಸಿ, ಹಿಂಡಿ, ಮತ್ತೆ ನೆನೆಸಿ. ಹಿಂಡಿದ ನೀರಿಗೆ ಮೀಟರ್ ಅದ್ದಿದರೆ ಯಾವಾಗ ನಿಲ್ಲಿಸಬೇಕೆಂದು ತಿಳಿಯುತ್ತದೆ.

ಮಣ್ಣು ಒದ್ದೆ, ಎಲೆ ಮಾತ್ರ ಸುರುಳಿ

ಎಲೆ ಉದ್ದಕ್ಕೆ ಸುರುಳಿಯಾಗುವುದು ನೀರು ಸಾಲದ ಲಕ್ಷಣ. ಕುಂಡ ಹಗುರಾಗಿದ್ದರೆ ಬಾಯಾರಿಕೆ ಅಷ್ಟೇ. ಬಕೆಟ್ಟಿನಲ್ಲಿ ಕುಂಡವನ್ನು ಅರ್ಧದವರೆಗೆ ಮುಳುಗಿಸಿ ಅರ್ಧ ಗಂಟೆ ಬಿಡಿ. ಪೂರ್ತಿ ಒಣಗಿದ ಕೊಕೊಪೀಟ್ ಮೇಲಿಂದ ಸುರಿದ ನೀರನ್ನು ಹೀರುವುದಿಲ್ಲ, ನೀರು ಕುಂಡದ ಗೋಡೆ ಪಕ್ಕದಲ್ಲೇ ಜಾರಿ ಕೆಳಗಿಳಿದುಬಿಡುತ್ತದೆ. ಸಂಜೆಯೊಳಗೆ ಎಲೆ ಬಿಚ್ಚಿಕೊಳ್ಳಬೇಕು.

ಕುಂಡ ಭಾರವಿದ್ದೂ ಎಲೆ ಸುರುಳಿಯಾಗಿದ್ದರೆ ಬೇರು ಕುಡಿಯುತ್ತಿಲ್ಲ. ಇನ್ನಷ್ಟು ನೀರು ಹಾಕಿದರೆ ಮುಗಿಯಿತು. ಮೊದಲು ಹೊರಗಿನ ಪಿಂಗಾಣಿ ಕುಂಡದಿಂದ ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿ ನೋಡಿ. ತಳದಲ್ಲಿ ಎರಡು ಬೆರಳು ನೀರು ನಿಂತಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಆಮೇಲೆ ಗಿಡವನ್ನು ಕುಂಡದಿಂದ ಜಾರಿಸಿ ತೆಗೆಯಿರಿ. ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ಸರಿ, ಚರಂಡಿ ವಾಸನೆ ಬಂದರೆ ಕೊಳೆತಿದೆ. ಜೀವ ಇರುವ ಬೇರು ಬಿಳಿ ಅಥವಾ ಕೆನೆ ಬಣ್ಣ, ಗಟ್ಟಿ. ಕೊಳೆತದ್ದು ಕಂದು, ಮೆತ್ತಗೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ಒಳಗೆ ದಾರದಂಥ ನಾರು ಉಳಿಯುತ್ತದೆ. ಬೇರಿನ ತುದಿಗಳಲ್ಲಿ ಕಡಲೆಕಾಯಿಯಷ್ಟು ದಪ್ಪದ, ನುಣುಪಾದ, ನೀರು ತುಂಬಿದ ಗಂಟುಗಳು ಕಂಡರೆ ರೋಗ ಅಂತ ಕತ್ತರಿಸಬೇಡಿ. ಅವು ಗಿಡ ನೀರು ಕೂಡಿಟ್ಟುಕೊಳ್ಳುವ ಗಡ್ಡೆಗಳು. ಬೇರಿಗೆ ಹತ್ತುವ ಜಂತುಹುಳದ (ನೆಮಟೋಡ್) ಗಂಟು ಬೇರೆ ಥರ: ಬೇರಿನ ಉದ್ದಕ್ಕೂ ಅಲ್ಲಲ್ಲಿ, ಒರಟಾಗಿ, ಬೇರೇ ಊದಿಕೊಂಡಂತೆ ಇರುತ್ತದೆ.

ನಡುವೆ ಎಲ್ಲಾದರೂ ಸಣ್ಣ ಪ್ಲಾಸ್ಟಿಕ್ ಬುಟ್ಟಿಯೋ ಬಟ್ಟೆಯ ಚೀಲವೋ ಸಿಗುತ್ತದೆಯೇ ನೋಡಿ. ಟಿಶ್ಯೂ ಕಲ್ಚರ್ ಸಸಿಯನ್ನು, ಅಂದರೆ ಲ್ಯಾಬಿನಲ್ಲಿ ಹುಟ್ಟಿಸಿದ ಸಸಿಯನ್ನು, ಮೊದಲು ಬೆಳೆಸುವುದು ಅದರಲ್ಲಿ. ದೊಡ್ಡ ಕುಂಡಕ್ಕೆ ಹಾಕುವಾಗ ತೆಗೆಯದೆ ಬಿಟ್ಟಿರುತ್ತಾರೆ. ಬೇರು ಅದರೊಳಗೇ ಸುತ್ತಿ ಉಸಿರುಗಟ್ಟಿರುತ್ತದೆ. ಕತ್ತರಿಯಿಂದ ಒಂದೆರಡು ಕಡೆ ಸೀಳಿ ಬಿಡಿಸಿ, ಎಳೆದು ಕೀಳಬೇಡಿ. ನರ್ಸರಿಯ ಕೆಂಪು ಮಣ್ಣು, ಸಗಣಿ ಗೊಬ್ಬರದ ಮಿಶ್ರಣವೂ ಮನೆಯೊಳಗೆ ತೊಂದರೆಯೇ. ನರ್ಸರಿಯ ಶೇಡ್‌ನೆಟ್ ಕೆಳಗೆ, ಗಾಳಿ ಬೀಸುವಲ್ಲಿ ಅದು ಎರಡು ದಿನಕ್ಕೆ ಒಣಗುತ್ತದೆ. ನಿಮ್ಮ ಹಾಲ್‌ನಲ್ಲಿ ವಾರವಾದರೂ ಜೇಡಿಯಂತೆ ಅಂಟಿಕೊಂಡಿರುತ್ತದೆ.

ಕೊಳೆತ ಬೇರನ್ನೆಲ್ಲ ಕತ್ತರಿಸಿ. ಉಳಿದ ಬೇರಿಗೆ ಹೊಂದುವ ಕುಂಡ ಆರಿಸಿ, ಅಂದರೆ ಮೊದಲಿನದಕ್ಕಿಂತ ಚಿಕ್ಕದು. ಇಲ್ಲಿ ಎಲ್ಲರ ಕೈಯೂ ದೊಡ್ಡ ಕುಂಡದ ಕಡೆ ಹೋಗುತ್ತದೆ. ಬೇರು ಕಡಿಮೆ, ಮಣ್ಣು ಜಾಸ್ತಿ ಆದರೆ ಆ ಮಣ್ಣು ಒಣಗುವುದೇ ಇಲ್ಲ. ತೊಳೆದ ಕೊಕೊಪೀಟ್ ಎರಡು ಪಾಲು, ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರ ಬಿಳಿ ಹರಳು) ಒಂದು ಪಾಲು, ತೆಂಗಿನ ಸಿಪ್ಪೆಯ ಚೂರು ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು. ಪರ್ಲೈಟ್ ಸಿಗದಿದ್ದರೆ ಕಡಲೆಕಾಳು ಗಾತ್ರದ ಇದ್ದಿಲ ಚೂರು ಹಾಕಿ. ಬೇರು ಕಡಿಮೆಯಾದಷ್ಟೂ ಎಲೆಯೂ ಕಡಿಮೆಯಾಗಬೇಕು. ಅತಿ ಹಾಳಾದ ಎಲೆಗಳನ್ನು ಬುಡದಲ್ಲಿ ಕತ್ತರಿಸಿ, ಗಿಡಕ್ಕೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ, ಎರಡು ಮೂರು ವಾರ ನೆರಳಲ್ಲಿಡಿ. ಆಗ ಗೊಬ್ಬರ ಬೇಡ.

ಮಂಗಳೂರು, ಉಡುಪಿ, ಕಾರವಾರದವರು ಈ ವಿಭಾಗವನ್ನೇ ಮೊದಲು ಓದಬೇಕು. ಅಲ್ಲಿ ಗಾಳಿಯ ತೇವಕ್ಕೆ ಕೊರತೆಯಿಲ್ಲ, ಮಳೆನೀರಿಗಂತೂ ಇಲ್ಲವೇ ಇಲ್ಲ. ಜುಲೈಯಲ್ಲಿ ಕುಂಡ ಒಣಗುವುದಿಲ್ಲ ಅನ್ನುವುದೇ ತಲೆನೋವು. ಬೆಂಗಳೂರಿನವರಿಗೆ ಇದೇ ತೊಂದರೆ ಡಿಸೆಂಬರ್, ಜನವರಿಯಲ್ಲಿ. ರಾತ್ರಿ ಚಳಿ 15 ಡಿಗ್ರಿಗೆ ಇಳಿದಾಗ ಗಿಡ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ, ನಾವು ಅಭ್ಯಾಸಬಲದಿಂದ ಬೇಸಿಗೆಯಷ್ಟೇ ಹಾಕುತ್ತಿರುತ್ತೇವೆ.

ಹೊಸ ಎಲೆ ಬಿಚ್ಚುವಾಗಲೇ ಹರಿದಿದೆ, ಅಂಚು ಸುಕ್ಕು

ಗಾಳಿಯ ಸರದಿ ಈಗ ಬಂತು. ಹಳೆಯ ಎಲೆ ಚೆನ್ನಾಗಿದ್ದು, ಹೊಸ ಎಲೆ ಮಾತ್ರ ಸುರುಳಿಯಲ್ಲೇ ಸಿಕ್ಕಿಕೊಂಡು, ಹರಿದು, ಅಂಚು ಒಣಗಿ ಬಂದರೆ ಗಾಳಿ ಒಣಗಿದೆ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯುವುದುಂಟು. ಕಲಬುರಗಿ ಕಡೆ ಕೇಳಲೇಬೇಡಿ. ಕ್ಯಾಲಥಿಯಾಗೆ 60 ಇದ್ದರೆ ಸುಖ, 50 ಇದ್ದರೆ ಸುಧಾರಿಸಿಕೊಳ್ಳುತ್ತದೆ.

ತೇವಾಂಶ ತೋರಿಸುವ ಪುಟ್ಟ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಸುಳ್ಳೂ ಹೇಳುತ್ತದೆ. ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಒಂದು ದಿನ ಮುಚ್ಚಿಡಿ. ಡಬ್ಬದೊಳಗೆ ತೇವಾಂಶ 75ಕ್ಕೆ ನಿಲ್ಲುತ್ತದೆ. ಮೀಟರ್ 68 ತೋರಿಸಿದರೆ ಇನ್ನು ಮುಂದೆ ಏಳು ಸೇರಿಸಿ ಓದಿಕೊಳ್ಳಿ.

ನೀರು ಸ್ಪ್ರೇ ಮಾಡುವುದರಿಂದ ಕೆಲವು ನಿಮಿಷ ತೇವ ಏರುತ್ತದೆ, ಫ್ಯಾನ್ ತಿರುಗುತ್ತಿದ್ದರೆ ಅದೂ ಇಲ್ಲ. ನಲ್ಲಿ ನೀರಾದರೆ ಎಲೆ ಮೇಲೆ ಬಿಳಿ ಕಲೆ. ರಾತ್ರಿ ಎಲೆ ಒದ್ದೆ ಉಳಿದರೆ ಶಿಲೀಂಧ್ರದ ಚುಕ್ಕೆ. ಕಲ್ಲು, ನೀರು ತುಂಬಿದ ತಟ್ಟೆಯ ಮೇಲೆ ಕುಂಡ ಇಡುವುದು ನೋಡಲು ಚೆಂದ, ಉಪಯೋಗ ಅಷ್ಟಕ್ಕಷ್ಟೆ. ನಿಜವಾಗಿ ಕೆಲಸ ಮಾಡುವುದು ಎರಡೇ. ಒಂದು ಹ್ಯೂಮಿಡಿಫೈಯರ್, ಅದಕ್ಕೂ ಆರ್‌ಓ ನೀರೇ ಹಾಕಬೇಕು, ಇಲ್ಲದಿದ್ದರೆ ಟಿವಿ ಮೇಲೆಲ್ಲ ಬಿಳಿ ಪುಡಿ. ಇನ್ನೊಂದು ಗಾಜಿನ ಗೂಡು. ಅಟ್ಟದ ಮೇಲೆ ಹಳೆಯ ಮೀನಿನ ತೊಟ್ಟಿ ಇದೆಯಾ? ಸಣ್ಣ ಗಿಡವಾದರೆ ಮಾರ್ಚ್, ಏಪ್ರಿಲ್ ಎರಡು ತಿಂಗಳು ಅದರೊಳಗಿಡಿ. ಕಿಟಕಿ ಇರುವ ಬಚ್ಚಲುಮನೆಯೂ ಒಳ್ಳೆಯ ಜಾಗ. ಫ್ಯಾನಿನ, ಎಸಿಯ ಗಾಳಿ ನೇರ ಬೀಳುವ ಜಾಗ ಮಾತ್ರ ಬೇಡ. ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡು ಕೂರುವ ಅಮೆರಿಕ, ಯುರೋಪಿನ ಕನ್ನಡಿಗರಿಗೂ ಇದೇ ಮಾತು. ಹೊರಗೆ ಹಿಮವಿದ್ದರೂ ಅವರ ಮನೆಯೊಳಗಿನ ಗಾಳಿ ನಮ್ಮ ಮಾರ್ಚ್‌ಗಿಂತ ಒಣಗಿರಬಹುದು.

ಸಿಕ್ಕಿಕೊಂಡ ಸುರುಳಿಯನ್ನು ಕೈಯಿಂದ ಬಿಡಿಸಬೇಡಿ, ಹರಿಯುತ್ತದೆ.

ಎಲೆ ಮಂಕು, ಸೂಜಿಮೊನೆ ಚುಕ್ಕೆ

ಎಲೆಯ ಮೇಲೆ ಧೂಳು ಕೂತಂತೆ ಕಾಣುತ್ತದೆ, ಒರೆಸಿದರೆ ಹೋಗುವುದಿಲ್ಲ. ಹತ್ತಿರದಿಂದ ನೋಡಿದರೆ ಸಾವಿರಾರು ತಿಳಿ ಚುಕ್ಕೆ. ಇದು ಜೇಡನುಸಿ. ಒಣ ಬೇಸಿಗೆಯಲ್ಲಿ ಕ್ಯಾಲಥಿಯಾ ಅದಕ್ಕೆ ಹಬ್ಬದೂಟ. ಬಿಳಿ ಟಿಶ್ಯೂವಿನಿಂದ ಎಲೆಯ ಹಿಂಬದಿ ಒರೆಸಿ. ಕೆಂಪು ಅಥವಾ ಹಸಿರುಗಂದು ಗೀರು ಬಿದ್ದರೆ ಖಾತ್ರಿ. ಬಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಅಂಗಡಿಯಲ್ಲಿ "ಹುಳಕ್ಕೆ ಔಷಧಿ" ಅಂತ ಕೇಳಿದರೆ ಎಷ್ಟೋ ಸಲ ಇಮಿಡಾಕ್ಲೋಪ್ರಿಡ್ ಕೊಡುತ್ತಾರೆ. ಅದು ಹಿಟ್ಟು ತಿಗಣೆಗೆ, ಸಸ್ಯಹೇನಿಗೆ ಸರಿ. ನುಸಿ ಕೀಟವಲ್ಲ, ಎಂಟು ಕಾಲಿನ ಜೇಡದ ಜಾತಿ, ಅದಕ್ಕೆ ಈ ಔಷಧಿ ತಟ್ಟುವುದಿಲ್ಲ. ಬದಲಿಗೆ ನುಸಿ ತಿನ್ನುವ ಹುಳಗಳು ಸತ್ತು ನುಸಿ ಇನ್ನೂ ಹೆಚ್ಚುವುದೂ ಉಂಟು. ಮೊದಲ ಔಷಧಿ ನೀರೇ. ಗಿಡವನ್ನು ಬಚ್ಚಲಲ್ಲಿ ವಾಲಿಸಿ, ಹ್ಯಾಂಡ್ ಶವರ್‌ನಿಂದ ಎಲೆಯ ಹಿಂಬದಿ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 3 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಕೆಲವು ಹನಿ ಸೋಪು. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ನೋಡಿ. ಸಂಜೆ ಸಿಂಪಡಿಸಿ, ಮರುದಿನ ಬಿಸಿಲು ತಾಗಿಸಬೇಡಿ. ಬೇಸಿಗೆಯಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಹತ್ತು ದಿನದ ಆಸುಪಾಸು ಸಾಕು. ಹಾಗಾಗಿ ಒಂದು ಸಲ ಹೊಡೆದು ಸುಮ್ನೆ ಕೂತರೆ ಪ್ರಯೋಜನವಿಲ್ಲ, ಐದಾರು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಆಗಬೇಕು. ಪಕ್ಕದ ಗಿಡಗಳನ್ನೂ ನೋಡಿ.

ಚುಕ್ಕೆಯ ಬದಲು ಬೆಳ್ಳಿ ಬಣ್ಣದ ಗೀರು, ಅದರ ಮೇಲೆ ಕರಿ ಸಾಸಿವೆಗಿಂತ ಸಣ್ಣ ಹಿಕ್ಕೆ ಕಂಡರೆ ಅದು ಥ್ರಿಪ್ಸ್, ರಸ ಹೀರುವ ಸಣ್ಣ ಕೀಟ. ಹೊಸ ಸುರುಳಿಯೊಳಗೆ ಅಡಗಿರುತ್ತದೆ. ತೊಳೆಯುವುದು, ಬೇವಿನೆಣ್ಣೆ ಅದಕ್ಕೂ ಅದೇ. ಮಣ್ಣಿನ ಮೇಲೆ ಹಾರುವ ಸಣ್ಣ ಕಪ್ಪು ನೊಣ ಎಲೆಗೆ ಏನೂ ಮಾಡುವುದಿಲ್ಲ, ಮಣ್ಣು ಸದಾ ಒದ್ದೆ ಅಂತ ಹೇಳುತ್ತದೆ. ಅಕ್ಕಿ ತೊಳೆದ ನೀರು, ಮಜ್ಜಿಗೆ, ಟೀ ಚರಟ ಹಾಕುವುದು ನಿಲ್ಲಿಸಿದರೆ ಅವೂ ನಿಲ್ಲುತ್ತವೆ. ಎಲೆ ಹೊಳೆಯಲಿ ಅಂತ ಹಾಲು, ಕೊಬ್ಬರಿ ಎಣ್ಣೆ ಒರೆಸುವವರಿದ್ದಾರೆ. ದಯವಿಟ್ಟು ಬೇಡ.

ಬಣ್ಣ ಹೋಗಿದೆ

ಪಟ್ಟೆ ತೊಳೆದುಹೋದಂತೆ ಮಾಸಿದರೆ, ಎಲೆಯ ನಡುವೆ ಬೂದು ಮಚ್ಚೆ ಬಿದ್ದರೆ ಬಿಸಿಲು ಜಾಸ್ತಿ. ಹೊಸ ಎಲೆ ಚಿಕ್ಕದಾಗಿ, ತೊಟ್ಟು ಉದ್ದವಾಗಿ ಬಂದರೆ ಬೆಳಕು ಕಡಿಮೆ. ಮಧ್ಯಾಹ್ನ ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದು ನೋಡಿ. ನೆರಳಿನ ಅಂಚು ಮಸುಕಾಗಿ, ಆದರೂ ಕೈ ಎಂದು ಗುರುತು ಸಿಗುವಂತಿದ್ದರೆ ಬೆಳಕು ಹದ.

ಉತ್ತರದ ಕಿಟಕಿಗೆ ಬಿಸಿಲು ಬೀಳುವುದಿಲ್ಲ ಅಂತ ನೆಟ್ಟಿನಲ್ಲಿ ಓದಿರುತ್ತೀರಿ. ಅದು ಯುರೋಪು, ಅಮೆರಿಕದ ಮಾತು. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 24ರ ಆಸುಪಾಸಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಹಾಗಾಗಿ ಡಿಸೆಂಬರಿನಲ್ಲಿ ತಂಪಾಗಿದ್ದ ಉತ್ತರದ ಬಾಲ್ಕನಿಯಲ್ಲಿ ಮೇ ತಿಂಗಳಲ್ಲಿ ಎಲೆ ಸುಡುತ್ತದೆ. ಗಿಡ ಅಲ್ಲೇ ಇದೆ, ನಾನೇನೂ ಬದಲಿಸಿಲ್ಲ ಅನ್ನುವವರಿಗೆ ಉತ್ತರ ಇದು. ಆ ನಾಲ್ಕು ತಿಂಗಳು ಗಿಡವನ್ನು ಎರಡಡಿ ಒಳಗೆ ಸರಿಸಿ, ಇಲ್ಲವೇ ತೆಳು ಪರದೆ ಇಳಿಬಿಡಿ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಗಡಸು ನೀರಿನ ಸುಣ್ಣ ಮಣ್ಣನ್ನು ಕ್ಷಾರ ಮಾಡಿದಾಗ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಮತ್ತೆ ನೀರಿನ ವಿಭಾಗಕ್ಕೇ ಹೋಗಿ. ಮೊಟ್ಟೆ ಸಿಪ್ಪೆಯ ಪುಡಿ ಹಾಕುತ್ತಿದ್ದರೆ ನಿಲ್ಲಿಸಿ, ಅದು ಇನ್ನಷ್ಟು ಸುಣ್ಣ. ಕೆಳಗಿನ ಒಂದೇ ಎಲೆ ಹಳದಿಯಾದರೆ ವಯಸ್ಸು, ಕತ್ತರಿಸಿ ಹಾಕಿ.

ಎಷ್ಟು ದಿನ ಕಾಯುವುದು

ಒಮ್ಮೆ ಕಂದಾದ ಅಂಚು ಹಸಿರಾಗುವುದಿಲ್ಲ. ಕತ್ತರಿಯಿಂದ ಎಲೆಯ ಆಕಾರಕ್ಕೆ ಸರಿಯಾಗಿ ಕತ್ತರಿಸಬಹುದು, ಕೂದಲೆಳೆಯಷ್ಟು ಕಂದು ಬಿಟ್ಟು ಕತ್ತರಿಸಿ. ಹಸಿರಿಗೇ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಒಣಗುತ್ತದೆ. ಚಿಕಿತ್ಸೆ ಫಲಿಸಿತೋ ಇಲ್ಲವೋ ಹಳೆಯ ಎಲೆ ಹೇಳುವುದಿಲ್ಲ. ಒಂದೇ ಒಂದು ಬದಲಾವಣೆ ಮಾಡಿ, ಆಮೇಲೆ ಬಿಚ್ಚುವ ಎರಡು ಹೊಸ ಎಲೆ ನೋಡಿ. ಬೇಸಿಗೆ, ಮಳೆಗಾಲದಲ್ಲಿ ಆರೆಂಟು ವಾರ ಹಿಡಿಯಬಹುದು, ಚಳಿಯಲ್ಲಿ ಇನ್ನೂ ತಡ. ಆಂಟಿ ಈಗ ಎಸಿ ನೀರು ಹಿಡಿಯುತ್ತಿದ್ದಾರೆ. ಆಮೇಲೆ ಬಂದ ಎಲೆಯ ತುದಿಯಲ್ಲಿ ಅಕ್ಕಿಕಾಳಷ್ಟು ಕಂದು ಇದೆ, ಅಂಚು ಸ್ವಚ್ಛ. ನನ್ನ ಪ್ರಕಾರ ಅದು ಪಾಸು. ಮನೆಯೊಳಗೆ ಬೆಳೆದ ಆರ್ಬಿಫೋಲಿಯಾದಲ್ಲಿ ಒಂದು ಕಲೆಯೂ ಇರಬಾರದು ಅನ್ನುವುದು ಅತಿಯಾಸೆ.

ಎಲೆಯೆಲ್ಲ ಹೋಗಿ ಬರೀ ಬುಡ ಉಳಿದರೂ ಬಿಸಾಡುವ ಮುಂಚೆ ಮಣ್ಣು ಕೆದಕಿ ತೊಟ್ಟುಗಳ ಬುಡದ ಗಡ್ಡೆ (ಬೇರಿನ ತುದಿಯ ಗಂಟಲ್ಲ) ಒತ್ತಿ ನೋಡಿ. ಗಟ್ಟಿಯಿದ್ದರೆ ಒಣ ತೊಟ್ಟುಗಳನ್ನೆಲ್ಲ ಬುಡಕ್ಕೆ ಕತ್ತರಿಸಿ, ಹಿಡಿಯಷ್ಟು ತೊಳೆದ ಕೊಕೊಪೀಟಿನಲ್ಲಿ ನೆಟ್ಟು, ಚೀಲ ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಿ. ಒಂದೆರಡು ತಿಂಗಳಲ್ಲಿ ಚಿಗುರು ಬರುವ ಸಂಭವ ಚೆನ್ನಾಗಿಯೇ ಇದೆ. ಒತ್ತಿದಾಗ ಮೆತ್ತಗೆ ಕುಸಿದು ನೀರು ಬಂದರೆ ಅದು ಕಾಂಪೋಸ್ಟ್ ಬುಟ್ಟಿಗೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ, ಕುಂಡವನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳಿ.